ಅರ್ಧಕ್ಕೆ ನಿಂತ ಗೋಡೆಯ ಮೇಲೆ ಇನ್ನೊಬ್ಬರ ಕಟ್ಟಡ: ಆರ್ಮಾ ಪ್ರಧಾನಾಲಯದ ಒಂದು ಪ್ರಕರಣ

ಉತ್ತರ ಐರ್ಲೆಂಡಿನ ಆರ್ಮಾ ಊರಿನಲ್ಲಿ ಗುಡ್ಡದ ಮೇಲೆ ಸಂತ ಪ್ಯಾಟ್ರಿಕ್ಕರ ಕ್ಯಾಥೊಲಿಕ್ ಪ್ರಧಾನಾಲಯ, ಅಂದರೆ ಧರ್ಮಾಧ್ಯಕ್ಷರ ಮುಖ್ಯ ಚರ್ಚು (ಕೆಥೆಡ್ರಲ್), ಇದೆ. ಶೈಲಿ ಗುರುತಿಸಬಲ್ಲವರು ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದರೆ ಅರ್ಧದಲ್ಲಿ ತಡೆದು ನಿಲ್ಲುತ್ತಾರೆ. ಕೆಳಗಿನ ಭಾಗ ಮಧ್ಯಯುಗದ ಯುರೋಪಿನ ಚೂಪು ಕಮಾನಿನ ಗಾಥಿಕ್ ಶೈಲಿಯ ಕೊನೆಯ ಕಾಲದ್ದು, ಅಂದರೆ 15-16ನೇ ಶತಮಾನದ ಮಾದರಿ. ಮೇಲಿನದು 14ನೇ ಶತಮಾನದ ಮಾದರಿ. ಶೈಲಿಯ ಲೆಕ್ಕದಲ್ಲಿ ಮಾಡು (ಛಾವಣಿ) ತನ್ನನ್ನು ಹೊತ್ತ ಗೋಡೆಗಿಂತ ನೂರಕ್ಕೂ ಹೆಚ್ಚು ವರ್ಷ ಹಿರಿಯದು! ನಿಜದಲ್ಲಿ ಎರಡೂ 19ನೇ ಶತಮಾನದಲ್ಲೇ ಎದ್ದವು. ಮೊದಲು ಕೆಳಗಿನದು, ಹದಿನಾಲ್ಕು ವರ್ಷಗಳ ನಂತರ ಮೇಲಿನದರ ಕೆಲಸ.

ಇನ್ನೊಬ್ಬರು ಅರ್ಧ ಕಟ್ಟಿ ಬಿಟ್ಟ ಕಟ್ಟಡ ಕೈಗೆ ಬಂದಾಗ ವಾಸ್ತುಶಿಲ್ಪಿಗೆ ಯಾವ ಸ್ವಾತಂತ್ರ್ಯ ಇರುತ್ತದೆ, ಯಾವುದು ಇರುವುದಿಲ್ಲ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಕಡಿಮೆ. ಅದಕ್ಕೇ ಇದನ್ನು ಪ್ರಕರಣವಾಗಿ ಬರೆದಿಟ್ಟಿದ್ದೇವೆ. ಕಾಲವಾದ, ಸಾರ್ವಜನಿಕ ದಾಖಲೆಯಲ್ಲಿರುವ ವಾಸ್ತುಶಿಲ್ಪಿಗಳ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಕೆಲಸ ಒಪ್ಪಿಸಿದ ಧರ್ಮಾಧ್ಯಕ್ಷರು, ಗುತ್ತಿಗೆದಾರರು, ಇತ್ತೀಚಿನ ವಿವಾದಗಳ ಎರಡೂ ಬದಿಯವರು ಇಲ್ಲಿ ತಮ್ಮ ಪಾತ್ರದಿಂದ ಮಾತ್ರ ಗುರುತಾಗುತ್ತಾರೆ.

ಹಿನ್ನೆಲೆ

ಆರ್ಮಾದ ಹಳೆಯ ಪ್ರಧಾನಾಲಯ ಇನ್ನೊಂದು ಗುಡ್ಡದ ಮೇಲಿದೆ. ಅದು ಪ್ರಾಟೆಸ್ಟಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡಿನ ವಶದಲ್ಲಿತ್ತು, ಇಂದಿಗೂ ಇದೆ. ಕ್ಯಾಥೊಲಿಕರ ಮೇಲಿದ್ದ ಕಾನೂನು ನಿರ್ಬಂಧಗಳಲ್ಲಿ ಬಹುಪಾಲು 1829ರಲ್ಲಿ ತೆರವಾದ ಮೇಲೆ ದೇಶದ ಉದ್ದಗಲಕ್ಕೂ ದೊಡ್ಡ ಚರ್ಚುಗಳ ಕಟ್ಟೋಣ ಶುರುವಾಯಿತು. ಆರ್ಮಾದಲ್ಲಿ 1840ರ ಮಾರ್ಚ್ 17ರಂದು, ಸಂತ ಪ್ಯಾಟ್ರಿಕ್ಕರ ಹಬ್ಬದ ದಿನವೇ, ಶಂಕುಸ್ಥಾಪನೆ ಆಯಿತು. ನಕ್ಷೆ ನ್ಯೂರಿ ಊರಿನ ಥಾಮಸ್ ಡಫ್ ಅವರದು. ನ್ಯೂರಿಯ ಪ್ರಧಾನಾಲಯ ಅವರದೇ ಕೆಲಸವಾದ್ದರಿಂದ ದೊಡ್ಡ ಚರ್ಚು ಕಟ್ಟುವ ಅನುಭವಕ್ಕೆ ಕೊರತೆ ಇರಲಿಲ್ಲ. ಡಫ್ ಆರಿಸಿಕೊಂಡದ್ದು ಪರ್ಪೆಂಡಿಕ್ಯುಲರ್ ಗಾಥಿಕ್. ನೆಟ್ಟಗೆ ಮೇಲೇರುವ ಕಿಟಕಿ ಕಂಬಿಗಳು, ತುಸು ಚಪ್ಪಟೆಯಾದ ಕಮಾನು, ಕಡಿಮೆ ಇಳಿಜಾರಿನ ಛಾವಣಿ ಅದರ ಲಕ್ಷಣಗಳು. ಶಿಲುಬೆಯಾಕಾರದ ತಳವಿನ್ಯಾಸದ ನಡುವೆ ಒಂದು ದೊಡ್ಡ ಚೌಕ ಗೋಪುರ, ಪಶ್ಚಿಮದ ಮುಖದಲ್ಲಿ ಎರಡು ಸಣ್ಣ ಗೋಪುರ ಅವರ ನಕ್ಷೆಯಲ್ಲಿದ್ದವು.

ಗೋಡೆ ಏಳುತ್ತಿರುವಾಗಲೇ ಆಲೂಗಡ್ಡೆ ಬೆಳೆಗೆ ರೋಗ ಬಡಿದು ಮಹಾಕ್ಷಾಮ ಬಂತು. ಹಸಿದವರು ಬೀದಿಯಲ್ಲಿರುವಾಗ ಕಲ್ಲಿಗೆ ಹಣ ಹುಟ್ಟುವುದಿಲ್ಲ. ಕೆಲಸ ನಿಂತಿತು. 1848ರಲ್ಲಿ ಡಫ್ ತೀರಿಕೊಂಡರು. ಮರುವರ್ಷ, 1849ರ ಶುಭ ಶುಕ್ರವಾರದಂದು, ಕೆಲಸ ಆರಂಭಿಸಿದ್ದ ಮಹಾಧರ್ಮಾಧ್ಯಕ್ಷರು ಕಾಲರಾದಿಂದ ಸತ್ತರು. ಕಟ್ಟಿಸುವವರೂ ಇಲ್ಲ, ಕಟ್ಟುವವರೂ ಇಲ್ಲ, ಹಣವೂ ಇಲ್ಲ. ಮಾಡು ಇಲ್ಲದ ಗೋಡೆಗಳು ಆಕಾಶಕ್ಕೆ ಬಾಯ್ದೆರೆದು ನಿಂತವು. 1854ರ ಈಸ್ಟರ್ ಸೋಮವಾರ ಆ ಬಯಲು ಗೋಡೆಗಳ ನಡುವೆಯೇ ಬಲಿಪೂಜೆ (ಮಾಸ್) ನಡೆಸಿ ಕೆಲಸಕ್ಕೆ ಮತ್ತೆ ಚಾಲನೆ ಕೊಟ್ಟರು. ಅಷ್ಟರಲ್ಲಿ ಹೊಸ ವಾಸ್ತುಶಿಲ್ಪಿ ನೇಮಕವಾಗಿದ್ದರು. ಅವರೇ ಡಬ್ಲಿನ್‌ನ ಜೇಮ್ಸ್ ಜೋಸೆಫ್ ಮೆಕಾರ್ಥಿ.

ಮೆಕಾರ್ಥಿ ಹುಟ್ಟಿದ್ದು 1817ರಲ್ಲಿ. ಜನ ಅವರನ್ನು 'ಐರ್ಲೆಂಡಿನ ಪ್ಯೂಜಿನ್' ಎಂದೇ ಕರೆದರು. ಇಂಗ್ಲೆಂಡಿನ ಅಗಸ್ಟಸ್ ವೆಲ್ಬಿ ಪ್ಯೂಜಿನ್ ಪ್ರತಿಪಾದಿಸಿದ ಗಾಥಿಕ್ ಸಿದ್ಧಾಂತಕ್ಕೆ ಅವರು ಮನಸಾರೆ ಒಲಿದಿದ್ದರು. ಚರ್ಚು ವಾಸ್ತುವಿನ ಅಧ್ಯಯನಕ್ಕೆಂದು 1849ರಲ್ಲಿ ಹುಟ್ಟಿದ ಐರಿಷ್ ಎಕ್ಲೀಸಿಯಾಲಜಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಅವರೂ ಒಬ್ಬರು. ಈ ಬಳಗದ ಮಟ್ಟಿಗೆ 14ನೇ ಶತಮಾನದ ಡೆಕೊರೇಟೆಡ್ ಗಾಥಿಕ್ ಕಲೆಯ ಶಿಖರ, ಪರ್ಪೆಂಡಿಕ್ಯುಲರ್ ಅದರ ಇಳಿಗಾಲ. ಸಾಲದ್ದಕ್ಕೆ ಪರ್ಪೆಂಡಿಕ್ಯುಲರ್ ಇಂಗ್ಲೆಂಡಿಗೆ ಮಾತ್ರ ಸೇರಿದ ಶೈಲಿ. ಅಂಥವರ ಕೈಗೆ ಅದೇ ಶೈಲಿಯಲ್ಲಿ ಅರ್ಧ ಎದ್ದ ಗೋಡೆ ಬಂದರೆ ಏನಾಗಬೇಕೋ ಅದೇ ಆಯಿತು.

ಕೈಗೆ ಬಂದದ್ದು ಏನು

ಇಂಥ ಸ್ಥಿತಿಯಲ್ಲಿ ಶೈಲಿಯ ಪ್ರಶ್ನೆಗಿಂತ ಮೊದಲು ಬರುವುದು ಗೋಡೆಯ ಆರೋಗ್ಯ. ಆ ಕಾಲದ ದಪ್ಪ ಕಲ್ಲಿನ ಗೋಡೆ ಇಡಿಯಾಗಿ ಕಲ್ಲಲ್ಲ. ಹೊರಗೊಂದು ಕೆತ್ತಿದ ಮುಖ, ಒಳಗೊಂದು ಮುಖ, ನಡುವೆ ಸುಣ್ಣದ ಗಾರೆಯಲ್ಲಿ ತುಂಬಿದ ಚೂರುಕಲ್ಲು. ಮೇಲೆ ಮಾಡು ಇದ್ದರೆ ಇದು ಶತಮಾನಗಟ್ಟಲೆ ನಿಲ್ಲುತ್ತದೆ. ತಲೆ ತೆರೆದಿದ್ದರೆ ಮಳೆ ನೇರವಾಗಿ ನಡುವಿನ ತುಂಬಿಗೆ ಇಳಿಯುತ್ತದೆ. ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ದಪ್ಪ ಗೋಡೆಯ ನಡುವೆ ಅದು ತೀರಾ ನಿಧಾನ. ಅಷ್ಟರಲ್ಲಿ ನೀರು ಸುಣ್ಣವನ್ನು ಕರಗಿಸಿ ಕೆಳಗೆ ಒಯ್ಯುತ್ತದೆ, ನಡುವೆ ಟೊಳ್ಳು ಉಳಿಯುತ್ತದೆ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಎರಡು ಮುಖಗಳೂ ಹೊಟ್ಟೆ ಬಿಡುತ್ತವೆ. ಆದ್ದರಿಂದ ನಿಂತುಹೋದ ಕಟ್ಟಡವನ್ನು ಮುಂದುವರಿಸುವವರು ಮೊದಲು ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯೇ ನೋಡಬೇಕು. ಬಳಿಕ ಸುತ್ತಿಗೆಯಿಂದ ಬಡಿದು ಟೊಳ್ಳು ಸದ್ದು ಬರುವ ಜಾಗ ಗುರುತಿಸಬೇಕು. ತಲೆಯ ಮೇಲಿನ ಎರಡು-ಮೂರು ಕಲ್ಲಿನ ವರಸೆಗಳನ್ನು, ಗಟ್ಟಿ ಗಾರೆ ಸಿಗುವವರೆಗೆ, ಬಿಚ್ಚಿಯೇ ಬಿಡಬೇಕು. ಬಿಚ್ಚದೆ ಹೊಸ ವರಸೆ ಕೂರಿಸಿದರೆ ಭಾರವೆಲ್ಲ ಹೊರಮುಖದ ಕಲ್ಲಿನ ಮೇಲೇ ಬಿದ್ದು ಅದು ಸಿಪ್ಪೆಯಂತೆ ಕಳಚುತ್ತದೆ. ಕೆಲಸ ನಿಲ್ಲಿಸುವ ದಿನವೇ ಗೋಡೆಯ ತಲೆಗೆ ಇಳಿಜಾರಾಗಿ ಗಾರೆ ಹೊದಿಸಿಟ್ಟರೆ ಈ ತಾಪತ್ರಯದಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಹಣ ಮುಗಿದ ದಿನ ಅದಕ್ಕೂ ಯಾರೂ ಹಣ ಕೊಡುವುದಿಲ್ಲ ಎನ್ನುವುದು ಬೇರೆ ಮಾತು.

ಎರಡನೆಯದು, ಈಗಾಗಲೇ ಕಲ್ಲಿನಲ್ಲಿ ತೀರ್ಮಾನವಾಗಿ ಹೋದದ್ದು. ಕಂಬಗಳ ನಡುವಿನ ಅಂತರ, ಗೋಡೆಯ ದಪ್ಪ, ಒತ್ತುಗೋಡೆಗಳ ಜಾಗ, ಕಿಟಕಿಗಳ ಅಗಲ: ಇವು ನಾಲ್ಕೂ ಡಫ್ ಅವರವು. ಇವುಗಳಲ್ಲಿ ಒಂದನ್ನು ಬದಲಿಸಿದರೂ ಅಡಿಪಾಯದವರೆಗೆ ಕೆಡವಬೇಕು.

ಮೂರು ದಾರಿ

ಡಫ್ ಅವರ ನಕ್ಷೆಯಂತೆಯೇ ಮುಗಿಸುವುದು ಒಂದು ದಾರಿ. ಕೆಡವಿ ಹೊಸದಾಗಿ ಕಟ್ಟುವುದು ಇನ್ನೊಂದು. ಕ್ಷಾಮ ಕಂಡ ಜನರ ಕಾಣಿಕೆಯಲ್ಲಿ ಎದ್ದ ಗೋಡೆಯನ್ನು ಕೆಡವುತ್ತೇನೆ ಎಂದು ಯಾವ ವಾಸ್ತುಶಿಲ್ಪಿಯೂ ಬಾಯಿಬಿಟ್ಟು ಹೇಳಲಾರ. ಮೆಕಾರ್ಥಿ ಹಿಡಿದದ್ದು ಮೂರನೆಯದು: ತಳವಿನ್ಯಾಸ ಇದ್ದಂತೆ ಇರಲಿ, ಗೋಡೆ ನಿಂತ ಎತ್ತರದಿಂದ ಮೇಲಕ್ಕೆ ಶೈಲಿ ಬದಲಾಗಲಿ. ಪ್ರಕರಣದ ತಿರುವು ಇದೇ.

ಕಿಟಕಿಯಲ್ಲಿ ಇದು ಹೇಗೆ ಸಾಧ್ಯ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಾಥಿಕ್ ಕಿಟಕಿಯೊಳಗಿನ ಕಲ್ಲಿನ ಜಾಲಂಧ್ರಕ್ಕೆ ಟ್ರೇಸರಿ ಎನ್ನುತ್ತಾರೆ. ಪರ್ಪೆಂಡಿಕ್ಯುಲರ್‌ನಲ್ಲಿ ಕೆಳಗಿನಿಂದ ಬಂದ ಕಲ್ಲುಕಂಬಿ ನೆಟ್ಟಗೆ ಕಮಾನಿಗೆ ಹೋಗಿ ತಾಗುತ್ತದೆ. ಡೆಕೊರೇಟೆಡ್‌ನಲ್ಲಿ ಅದೇ ಕಂಬಿ ಕಮಾನು ಶುರುವಾಗುವ ಮಟ್ಟದಲ್ಲಿ ಕವಲೊಡೆದು, ಬಾಗಿ, ವೃತ್ತಗಳೂ ಮೂರೆಸಳಿನ ಹೂಗಳೂ ಆಗುತ್ತದೆ. ಕಮಾನು ಶುರುವಾಗುವ ಮಟ್ಟದ ಕೆಳಗೆ ಎರಡೂ ಶೈಲಿಯಲ್ಲಿ ಇರುವುದು ನೆಟ್ಟನೆ ಕಂಬಿಯೇ. ವ್ಯತ್ಯಾಸವಿರುವುದು ಅಂಚಿನ ಕೆತ್ತನೆಯ ಆಕಾರದಲ್ಲಿ. ಅಂದರೆ ಸೇರುವೆ ಆ ಮಟ್ಟದಲ್ಲಿ ಬಿದ್ದರೆ ಕಣ್ಣಿಗೆ ಅಷ್ಟಾಗಿ ರಾಚುವುದಿಲ್ಲ. ಒಂದಡಿ ಮೇಲೆ ಬಿದ್ದರೆ ಮುಚ್ಚುವುದು ಅಸಾಧ್ಯ.

ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ಕೈಕೊಡುವುದು ಅಳತೆ. ಟ್ರೇಸರಿಯನ್ನು ನೆಲದ ಮೇಲೆ ನಿಜ ಅಳತೆಯಲ್ಲಿ ಬರೆದು, ಸತುವಿನ ತಗಡಿನಲ್ಲಿ ಅಚ್ಚು ಕತ್ತರಿಸಿ, ಆ ಅಚ್ಚನ್ನು ಕಲ್ಲಿನ ಮೇಲಿಟ್ಟು ಕೆತ್ತುವುದು ಆಗಿನ ಕ್ರಮ. ಸ್ವಂತ ಕಟ್ಟಡವಾದರೆ ಒಂದು ಅಚ್ಚು ಹತ್ತು ಕಿಟಕಿಗೆ ಸಾಕು. ಇನ್ನೊಬ್ಬರ ಗೋಡೆಯಲ್ಲಿ ಕಿಟಕಿ ಕಿಟಕಿಗೂ ಅರ್ಧ ಅಂಗುಲ ವ್ಯತ್ಯಾಸ ಇದ್ದೇ ಇರುತ್ತದೆ, ಹಳೆಯ ನಕ್ಷೆ ಅದನ್ನು ಹೇಳುವುದಿಲ್ಲ. ಪ್ರತಿ ಕಿಟಕಿಯನ್ನೂ ಕಮಾನಿನ ಬುಡದಲ್ಲಿ, ನಡುವೆ, ಹೊಸ್ತಿಲಲ್ಲಿ ಮೂರು ಕಡೆ ಅಳೆದು, ವ್ಯತ್ಯಾಸವನ್ನೆಲ್ಲ ಅಂಚಿನ ಕಲ್ಲಿಗೆ ತಳ್ಳಬೇಕು. ನಡುವಿನ ಹೂವಿನ ಕಲ್ಲು ಎಲ್ಲ ಕಿಟಕಿಗೂ ಒಂದೇ ಆಗಿರಬೇಕು. ಇದನ್ನು ತಿರುಗಾಮುರುಗಾ ಮಾಡಿದರೆ ಗಾರೆಯ ಸಂದು ಕೆಲವೆಡೆ ಬೆರಳು ಹೋಗುವಷ್ಟು ಅಗಲವಾಗಿ, ಗಾಜು ಕೂರಿಸುವವನು ಬಂದಾಗ ಜಗಳ ಶುರುವಾಗುತ್ತದೆ.

ಮಾಡಿನ ಇಳಿಜಾರು

ಮೆಕಾರ್ಥಿ ಮಾಡಿದ ದೊಡ್ಡ ಬದಲಾವಣೆ ಛಾವಣಿಯದು. ಡಫ್ ಅವರ ತಗ್ಗಿದ ಛಾವಣಿಯ ಬದಲು ಕಡಿದಾದ ಇಳಿಜಾರಿನದು ಬಂತು. ಮೇಲ್ನೋಟಕ್ಕೆ ಇದು ರುಚಿಯ ಪ್ರಶ್ನೆ. ನಮ್ಮ ಓದಿನಲ್ಲಿ ಇದರಿಂದ ಸಿಕ್ಕ ಲಾಭ ಬೇರೆಯದೇ.

ಎರಡು ಪಕ್ಕಾಸುಗಳು (ಮಾಡಿನ ಓರೆ ತೊಲೆಗಳು) ನೆತ್ತಿಯಲ್ಲಿ ಒರಗಿ ನಿಂತಾಗ ಬುಡದಲ್ಲಿ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಬುಡವನ್ನು ಅಡ್ಡತೊಲೆಯಿಂದ ಕಟ್ಟದಿದ್ದರೆ ಆ ತಳ್ಳು ಪೂರ್ತಿ ಗೋಡೆಗೇ. ಉದಾಹರಣೆಗೆ 10 ಮೀಟರ್ ಅಗಲದ ಅಂಕಣ ಇಟ್ಟುಕೊಳ್ಳಿ. ಇವು ಆರ್ಮಾದ ಅಳತೆಗಳಲ್ಲ, ಲೆಕ್ಕ ತೋರಿಸಲು ಮಾತ್ರ. ಇಳಿಜಾರು 20 ಡಿಗ್ರಿ ಇದ್ದರೆ ನೆತ್ತಿ ಸುಮಾರು 1.8 ಮೀಟರ್ ಏರುತ್ತದೆ, ಒಂದು ಬದಿಯ ಪಕ್ಕಾಸಿನ ಉದ್ದ 5.3 ಮೀಟರ್. 50 ಡಿಗ್ರಿ ಇದ್ದರೆ ನೆತ್ತಿ ಸುಮಾರು 6 ಮೀಟರ್ ಏರುತ್ತದೆ, ಪಕ್ಕಾಸು 7.8 ಮೀಟರ್ ಆಗುತ್ತದೆ. ಮರವೂ ಹೊದಿಕೆಯೂ ಸುಮಾರು ಒಂದೂವರೆ ಪಟ್ಟು ಬೇಕು. ಆದರೆ ಚದರ ಮೀಟರಿಗೆ ಹೊದಿಕೆಯ ತೂಕ ಒಂದೇ ಎಂದುಕೊಂಡರೆ ಗೋಡೆಯ ಮೇಲಿನ ಅಡ್ಡತಳ್ಳು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇನ್ನೊಬ್ಬರು ಕಟ್ಟಿದ, ಏಳೆಂಟು ಮಳೆಗಾಲ ತೋಯ್ದ ಗೋಡೆಯ ಮೇಲೆ ಮಾಡು ಹೊರಿಸುವವರಿಗೆ ಇದು ಸಣ್ಣ ನೆಮ್ಮದಿಯಲ್ಲ. ಹೊದಿಕೆಯಲ್ಲೂ ಅನುಕೂಲವಿದೆ. ತಗ್ಗು ಇಳಿಜಾರಿನಲ್ಲಿ ಗಾಳಿ ಮಳೆನೀರನ್ನು ಹಿಂದಕ್ಕೆ ನೂಕಿ ಸ್ಲೇಟುಗಳ ಅಡಿಗೆ ನುಗ್ಗಿಸುವುದರಿಂದ ಸೀಸದ ಹಾಳೆಯೇ ಬೇಕು. ಕಡಿದಾದ ಮಾಡಿಗೆ ಸ್ಲೇಟು ಸಾಕು.

ಬೆಲೆ ತೆರಬೇಕಾದದ್ದು ಗಾಳಿಗೆ. ಮೇಲಿನ ಲೆಕ್ಕದಲ್ಲಿ ಗಾಳಿಗೆ ಎದೆಕೊಡುವ ಎತ್ತರ ಮೂರು ಪಟ್ಟಿಗಿಂತ ಹೆಚ್ಚಾಯಿತು. ಗುಡ್ಡದ ತುದಿಯಲ್ಲಿ ಅದು ಕಡೆಗಣಿಸುವ ಸಂಗತಿಯಲ್ಲ. ಪಕ್ಕಾಸುಗಳ ನಡುವೆ ಉದ್ದಕ್ಕೆ ಓರೆ ಕಟ್ಟು ಕೊಡದಿದ್ದರೆ ಇಡೀ ಮಾಡು ಇಸ್ಪೀಟೆಲೆಗಳ ಸಾಲಿನಂತೆ ಒಂದು ಬದಿಗೆ ಮಲಗತೊಡಗುತ್ತದೆ.

ನಡುಗೋಪುರವನ್ನೂ ಮೆಕಾರ್ಥಿ ಕೈಬಿಟ್ಟರು. ಪಶ್ಚಿಮದ ಎರಡು ಸಣ್ಣ ಗೋಪುರಗಳ ಬದಲು 210 ಅಡಿ, ಅಂದರೆ 64 ಮೀಟರ್ ಎತ್ತರದ ಎರಡು ಚೂಪು ಶಿಖರಗಳನ್ನು ಏರಿಸಿದರು. ಶಿಲುಬೆಯ ನಡುವಿನ ಗೋಪುರ ತನ್ನ ಭಾರವನ್ನೆಲ್ಲ ನಾಲ್ಕೇ ಕಂಬಗಳ ಮೇಲೆ ಇಳಿಸುತ್ತದೆ. ಆ ಕಂಬಗಳ ಅಡಿಪಾಯವನ್ನು ಹಾಕಿದವರು ಇನ್ನೊಬ್ಬರು, ಕೇಳೋಣವೆಂದರೆ ಅವರು ಬದುಕಿಲ್ಲ. ಸಿದ್ಧಾಂತ ಏನೇ ಇರಲಿ, ಇಂಥಲ್ಲಿ ಭಾರವನ್ನು ನಡುವಿನಿಂದ ಮುಂಬದಿಗೆ ಸರಿಸುವುದು ಜಾಣತನ. ಮುಂಬದಿಯ ಗೋಪುರದ ಅಡಿಯನ್ನು ಸುತ್ತ ಅಗೆದು ನೋಡಿ ಬಲಪಡಿಸಬಹುದು. ನಡುವಿನ ಕಂಬವನ್ನು ಹಾಗೆ ಮಾಡುವುದು ಬಲು ಕಷ್ಟ. ಆದರೆ ಭಾರಿ ಗೋಪುರ ಹಗುರ ಗೋಡೆಗಿಂತ ಹೆಚ್ಚಾಗಿ ನೆಲಕ್ಕೆ ಇಳಿಯುತ್ತದೆ. ಎರಡನ್ನೂ ಮೊದಲ ದಿನವೇ ಕಲ್ಲುಕಲ್ಲು ಹೆಣೆದು ಕಟ್ಟಿದರೆ ಸೇರುವೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಬಿರುಕು ಖಚಿತ.

ಏನಾಯಿತು

ಹಣ ಹನಿಹನಿಯಾಗಿ ಬಂತು. 1865ರಲ್ಲಿ ದೊಡ್ಡ ಬಜಾರು ನಡೆಸಿ ಲಾಟರಿ ಇಟ್ಟರು. ಪೋಪ್ ಒಂಬತ್ತನೆಯ ಪಯಸ್, ಫ್ರಾನ್ಸಿನ ಚಕ್ರವರ್ತಿ, ಆಸ್ಟ್ರಿಯಾದ ಚಕ್ರವರ್ತಿ ಬಹುಮಾನಗಳನ್ನು ಕಳಿಸಿದ್ದರು. ಗೆದ್ದವರು ಬಾರದೆ ಒಂದು ಎತ್ತರದ ಗಡಿಯಾರ ಚರ್ಚಿನಲ್ಲೇ ಉಳಿದುಹೋಯಿತು. 1873ರ ಆಗಸ್ಟ್ 24ರಂದು ಕಟ್ಟಡವನ್ನು ಆರಾಧನೆಗೆ ತೆರೆದರು. ಶಂಕುಸ್ಥಾಪನೆಯಿಂದ 33 ವರ್ಷ.

ಶೈಲಿ ತಲೆಕೆಳಗಾದುದಕ್ಕೆ ಟೀಕೆ ಬಂತು, ಈಗಲೂ ಬರುತ್ತದೆ. ಟೀಕೆ ನ್ಯಾಯವಾದದ್ದೇ; ಇತಿಹಾಸ ಬಲ್ಲವರಿಗೆ ಶೈಲಿಗಳ ಈ ಅದಲುಬದಲು ನಗು ತರಿಸುತ್ತದೆ. ಆದರೆ ದೂರದಿಂದ ಬರುವವರಿಗೆ ಕಾಣುವುದು ಮಾಡಿನ ಏಣು ಮತ್ತು ಜೋಡಿ ಶಿಖರ, ಅವು ಎರಡೂ ಒಬ್ಬರದೇ ಕೈ. ಮೆಕಾರ್ಥಿ ಸೈದ್ಧಾಂತಿಕ ಹಟದಿಂದ ಹೊರಟರು ಎನ್ನುವುದರಲ್ಲಿ ಸಂಶಯವಿಲ್ಲ. ಅದು ಫಲಿಸಿದ್ದು ಮಾತ್ರ ತಳವಿನ್ಯಾಸವನ್ನು ಮುಟ್ಟದೆ ಬಿಟ್ಟಿದ್ದರಿಂದ.

ಒಳಾಂಗಣ ಆಗ ಬರಿದಾಗಿತ್ತು. ಅದನ್ನು ತುಂಬಿದವರು ಮುಂದಿನ ತಲೆಮಾರಿನ ಜಾರ್ಜ್ ಕಾಪಿಂಜರ್ ಆಶ್ಲಿನ್. ಅಮೃತಶಿಲೆಯ ದೊಡ್ಡ ಬಲಿಪೀಠ, ಅದರ ಮುಂದೆ ಪೀಠದ ಅಂಗಳವನ್ನು ಜನರ ಜಾಗದಿಂದ ಬೇರ್ಪಡಿಸುವ ಕೆತ್ತನೆಯ ತೆರೆ, ಗೋಡೆಗಳಿಗೂ ನೆಲಕ್ಕೂ ಮೊಸಾಯಿಕ್. 1904ರ ಜುಲೈ 24ರಂದು ವಿಧಿಪೂರ್ವಕ ಅಭಿಷೇಕ ಆಯಿತು. 1873ರಲ್ಲಿ ಬಾಗಿಲು ತೆರೆದದ್ದಕ್ಕೂ ಇದಕ್ಕೂ ಇಷ್ಟು ಅಂತರವೇಕೆ ಎಂದರೆ, ಸಾಲ ತೀರದ ಚರ್ಚಿಗೆ ಅಭಿಷೇಕ ಮಾಡುವ ರೂಢಿ ಇರಲಿಲ್ಲ.

ಎರಡನೆಯ ತಿರುವು

1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಗುರುಗಳು ಜನರತ್ತ ಮುಖಮಾಡಿ ಬಲಿಪೂಜೆ ಅರ್ಪಿಸುವ ಪದ್ಧತಿ ಬಂತು. ಗೋಡೆಗೆ ಅಂಟಿದ ಬಲಿಪೀಠ ಇದಕ್ಕೆ ಒದಗದು. ಸುತ್ತ ನಡೆದಾಡುವಂತೆ ಬಿಡಿಯಾಗಿ ನಿಂತ ಪೀಠ ಬೇಕು, ಅದು ಜನರಿಗೆ ಹತ್ತಿರವಿರಬೇಕು, ನಡುವೆ ತೆರೆ ಅಡ್ಡ ಬರಬಾರದು. ಆರ್ಮಾದಲ್ಲಿ ಈ ಕೆಲಸ 1980ರ ದಶಕದ ಆರಂಭದಲ್ಲಿ ಲಿಯಾಮ್ ಮೆಕಾರ್ಮಿಕ್ ಅವರ ಪಾಲಿಗೆ ಬಂತು.

ಮೆಕಾರ್ಮಿಕ್ ಸಾಮಾನ್ಯರಲ್ಲ. 1916ರಲ್ಲಿ ಡೆರಿಯಲ್ಲಿ ಹುಟ್ಟಿ ಲಿವರ್‌ಪೂಲ್‌ನಲ್ಲಿ ಓದಿದವರು, 20ನೇ ಶತಮಾನದ ಐರಿಷ್ ಚರ್ಚು ವಾಸ್ತುವಿನ ದೊಡ್ಡ ಹೆಸರು. ಡೊನೆಗಾಲ್‌ನ ಬರ್ಟ್‌ನಲ್ಲಿ 1967ರಲ್ಲಿ ಮುಗಿದ ಅವರ ದುಂಡು ಚರ್ಚು, ಹತ್ತಿರದ ಬೆಟ್ಟದ ಮೇಲಿನ ಪ್ರಾಚೀನ ಕಲ್ಲಿನ ಕೋಟೆ ಗ್ರಿಯಾನಾನ್‌ನ ಆಕಾರವನ್ನು ಎತ್ತಿಕೊಂಡಿದೆ. ಮೇಲೆ ತಾಮ್ರದ ಮಾಡು. ಕ್ರೀಸ್ಲಾಖ್‌ನ ಚರ್ಚು ಎದುರಿನ ಮಕಿಶ್ ಬೆಟ್ಟದ ಏಣನ್ನು ಹೋಲುತ್ತದೆ. ಈ ಚರ್ಚುಗಳಲ್ಲಿ ಬೆಳಕು, ಗೋಡೆ, ಆಸನ, ಬಲಿಪೀಠ ಎಲ್ಲ ಒಟ್ಟಿಗೆ ಹುಟ್ಟಿದವು. ಶಿಲ್ಪಿಗಳೂ ಬಣ್ಣದ ಗಾಜಿನ ಕಲಾವಿದರೂ ಅವರ ಜೊತೆ ಕೆಲಸ ಮಾಡಿದರು.

ಆರ್ಮಾದಲ್ಲಿ ಅವರಿಗೆ ಸಿಕ್ಕಿದ್ದು ಬಲಿಪೀಠದ ಅಂಗಳ ಮಾತ್ರ. ಆಶ್ಲಿನ್ ಕಾಲದ ದೊಡ್ಡ ಬಲಿಪೀಠ, ತೆರೆ ಎರಡೂ ಹೋದವು. ನೆಲ ಮುಂದಕ್ಕೆ ಚಾಚಿತು. ಗ್ರಾನೈಟಿನ ಹೊಸ ಪೀಠವೂ ದಂತದಂತೆ ಬಾಗಿ ಮೇಲೇಳುವ ಚೌಕಟ್ಟಿನಲ್ಲಿ ಪರಮಪ್ರಸಾದದ ಪೆಟ್ಟಿಗೆಯೂ ಬಂದವು. 1982ರಲ್ಲಿ ಮತ್ತೆ ತೆರೆದರು. ಆರಾಧನೆಯ ಲೆಕ್ಕದಲ್ಲಿ ಕೇಳಿದ್ದೆಲ್ಲ ಸಿಕ್ಕಿತ್ತು: ಪೀಠ ಎಲ್ಲರಿಗೂ ಕಾಣುತ್ತದೆ, ಗುರುಗಳಿಗೆ ಸುತ್ತಾಡಲು ಜಾಗವಿದೆ.

ಎಡವಿದ್ದು ಎಲ್ಲಿ? ಗಾಥಿಕ್ ಚರ್ಚಿನಲ್ಲಿ ತೆರೆ ಅಲಂಕಾರವಷ್ಟೇ ಅಲ್ಲ. ಉದ್ದನೆಯ ಅಂಕಣದಲ್ಲಿ ಕಣ್ಣು ತೆರೆಯ ಬಳಿ ಒಮ್ಮೆ ತಡೆದು, ಅದರಾಚೆಗೆ ಇನ್ನೂ ಏನೋ ಇದೆ ಎಂದು ಮುಂದೆ ಹೋಗುತ್ತದೆ. ತೆರೆ ತೆಗೆದರೆ ಕಣ್ಣು ನೇರವಾಗಿ ಹಿಂಗೋಡೆಗೆ ಬಡಿಯುತ್ತದೆ. ಅಲ್ಲಿ ಮೊದಲಿದ್ದ ಎತ್ತರದ ಬಲಿಪೀಠವೂ ಇಲ್ಲ. ಹೊಸ ಪೀಠ ತಗ್ಗಿನದಾದ್ದರಿಂದ ಅದಕ್ಕೆ ಹಿನ್ನೆಲೆ ಇಲ್ಲದಾಯಿತು. ಜೊತೆಗೆ ವಸ್ತುವಿನ ಜಗಳ. ಸುತ್ತ ಬಣ್ಣಬಣ್ಣದ ಮೊಸಾಯಿಕ್, ಹೊಳೆಯುವ ಅಮೃತಶಿಲೆ. ನಡುವೆ ಮಂಕು ಗ್ರಾನೈಟ್. ಬರ್ಟ್‌ನಲ್ಲಿ ಇದೇ ಒರಟುತನ ಗೋಡೆಯ ಕಲ್ಲಿಗೆ ಉತ್ತರ ಕೊಡುತ್ತಿತ್ತು. ಇಲ್ಲಿ ಅದಕ್ಕೆ ಮಾತನಾಡಲು ಯಾರೂ ಇರಲಿಲ್ಲ. ಟೀಕೆ ಕಟುವಾಗಿತ್ತು, ನಮ್ಮ ಮಟ್ಟಿಗೆ ಸರಿಯಾಗಿಯೂ ಇತ್ತು.

ಮೆಕಾರ್ಥಿ ಗೋಡೆಯ ತಲೆಯಿಂದ ಮೇಲೆ ಎಲ್ಲವನ್ನೂ ಒಂದೇ ಭಾಷೆಗೆ ತಂದಿದ್ದರು. ಮೆಕಾರ್ಮಿಕ್ ಅವರಿಗೆ ಆ ಅವಕಾಶ ಸಿಗಲಿಲ್ಲ. ಮೂವರ ಕೆಲಸದ ನಡುವೆ ನಾಲ್ಕನೆಯ ದನಿ ಸೇರಿತು. ಹೀಗೆ ಒಂದು ತುಂಡನ್ನಷ್ಟೇ ಬದಲಿಸುವ ಕೆಲಸಕ್ಕೆ ಕೈಹಾಕುವವರು ಲೆಕ್ಕದಲ್ಲಿ ಇಡಬೇಕಾದ ಇನ್ನೊಂದು ಮಾತೆಂದರೆ ತೂಕ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಇಡಿ ಗ್ರಾನೈಟ್ ಸುಮಾರು 5.3 ಟನ್ ತೂಗುತ್ತದೆ. ಹಳೆಯ ಚರ್ಚಿನ ನೆಲದಡಿ ಬಿಸಿಗಾಳಿಯ ಕಾಲುವೆಯೋ ಸಮಾಧಿಯ ಕೋಣೆಯೋ ಇರುವುದು ಸಾಮಾನ್ಯ. ಅಗೆದು ನೋಡದೆ ಪೀಠದ ಜಾಗ ಗುರುತು ಮಾಡಬಾರದು. ಕೀಳುವ ಮೊಸಾಯಿಕ್ಕನ್ನು ಮತ್ತೆ ಹಾಕುತ್ತೇವೆ ಎಂಬ ಭರವಸೆಯನ್ನೂ ಅರ್ಧವೇ ನಂಬಬೇಕು: ಮುಖಕ್ಕೆ ಬಟ್ಟೆ ಅಂಟಿಸಿ, ತುಂಡು ತುಂಡಾಗಿ ಕತ್ತರಿಸಿ ಎತ್ತುವಾಗ ಕತ್ತರಿ ಹಾದ ಗೆರೆಯ ಹರಳುಗಳು ಹೋಗಿಯೇ ಹೋಗುತ್ತವೆ.

ಆರ್ಮಾ ಇರುವ ಉತ್ತರ ಐರ್ಲೆಂಡಿನಲ್ಲಿ, ಬಳಕೆಯಲ್ಲಿರುವ ಸಂರಕ್ಷಿತ ಚರ್ಚಿನ ಒಳಗಿನ ಬದಲಾವಣೆಗೆ ಪಾರಂಪರಿಕ ಕಟ್ಟಡದ ಅನುಮತಿಯಿಂದ ವಿನಾಯಿತಿ ಇದೆ. ಗಡಿಯಾಚೆಯ ಗಣರಾಜ್ಯದಲ್ಲಿ ಹಾಗಲ್ಲ. ಅಲ್ಲಿನ 2000ದ ಯೋಜನಾ ಕಾಯ್ದೆಯ 57ನೇ ಕಲಂ ಕಟ್ಟಡದ ಸ್ವರೂಪವನ್ನು ಬದಲಿಸುವ ಕೆಲಸಕ್ಕೆ ಅನುಮತಿಯನ್ನು ಕಡ್ಡಾಯ ಮಾಡಿತು, ಜೊತೆಗೆ ಆರಾಧನೆಯ ಅಗತ್ಯಗಳನ್ನು ಗೌರವಿಸಬೇಕೆಂದೂ ಹೇಳಿತು. ಗಣರಾಜ್ಯದ ಕೋವ್ ಬಂದರಿನಲ್ಲಿ ಆಶ್ಲಿನ್ ಮತ್ತು ಅಗಸ್ಟಸ್ ಪ್ಯೂಜಿನ್ ಅವರ ಮಗ ಎಡ್ವರ್ಡ್ ವೆಲ್ಬಿ ಪ್ಯೂಜಿನ್ ಕೂಡಿ ರೂಪಿಸಿದ ಪ್ರಧಾನಾಲಯದಲ್ಲಿ ಇಂಥದೇ ಮಾರ್ಪಾಡಿನ ಪ್ರಸ್ತಾವ ಬಂದಾಗ ಪುರಸಭೆ ಒಪ್ಪಿತು. ಭಕ್ತರು ಮೇಲ್ಮನವಿ ಹೋದರು. 2006ರಲ್ಲಿ ಯೋಜನಾ ಮೇಲ್ಮನವಿ ಮಂಡಳಿ ಅನುಮತಿ ನಿರಾಕರಿಸಿತು. ಅಲ್ಲಿ ನೆಲ, ಕಟಾಂಜನ ಎಲ್ಲ ಇದ್ದಲ್ಲೇ ಉಳಿದವು.

ಆರ್ಮಾದಲ್ಲಿ ತಿದ್ದುಪಡಿ ಬೇರೆ ದಾರಿಯಲ್ಲಿ ಬಂತು. ಎರಡು ದಶಕ ಕಳೆಯುವಷ್ಟರಲ್ಲಿ, 2003ರ ಹೊತ್ತಿಗೆ, ಮೆಕಾರ್ಮಿಕ್ ಇಟ್ಟ ಪೀಠವನ್ನು ತೆಗೆದು, ಹಳೆಯ ಒಳಾಂಗಣಕ್ಕೆ ಹೊಂದುವ ಅಮೃತಶಿಲೆಯದನ್ನು ಕೂರಿಸಿದರು. ಆಶ್ಲಿನ್ ಕಾಲದ ತೆರೆ ಮರಳಿ ಬರಲಿಲ್ಲ.

ಮೆಕಾರ್ಥಿ ತೀರಿಕೊಂಡದ್ದು 1882ರಲ್ಲಿ. ಆಗ ಮೊನಹನ್ ಪ್ರಧಾನಾಲಯವೂ ಮೇನೂತ್ ಗುರುಮಠದ ಪ್ರಾರ್ಥನಾಲಯವೂ ಅರ್ಧದಲ್ಲಿದ್ದವು. ಎರಡನ್ನೂ ಮುಗಿಸಿದವರು ವಿಲಿಯಂ ಹೇಗ್. ಮೇನೂತ್‌ನಲ್ಲಿ ಅವರು ಮೆಕಾರ್ಥಿಯ ಗೋಡೆ, ಮೆಕಾರ್ಥಿಯ ಶೈಲಿ ಎರಡನ್ನೂ ಹಿಡಿದೇ ಮುಂದೆ ಹೋದರು. 1899ರಲ್ಲಿ ಹೇಗ್ ಸತ್ತಾಗ ಅವರ ಲೆಟರ್‌ಕೆನಿ ಪ್ರಧಾನಾಲಯದ ಕೆಲಸ ಇನ್ನೂ ನಡೆದಿತ್ತು. ಅದು ಅವರ ಪಾಲುದಾರನ ಕೈಗೆ ಹೋಗಿ 1901ರಲ್ಲಿ ಮುಗಿಯಿತು.